ಹೈಸ್ಪೀಡ್ ನೆಟ್‌ವರ್ಕ್ ಟೆಸ್ಟ್‌ನಲ್ಲಿ ಟ್ರಾಫಿಕ್ ಕಾಣೆ: ಪ್ಯಾಕೆಟ್‌ಗಳು ಹೋಗುವುದೆಲ್ಲಿಗೆ? ಪತ್ತೆ ಹಚ್ಚುವುದು ಹೇಗೆ? ಇಲ್ಲಿದೆ ಪೂರ್ಣ ಮಾಹಿತಿ

ಗುರುಗ್ರಾಮ: ಈ ಊರಿನ ಹೆಸರು ಕೇಳಿದರೆ ಮೊದಲು ನೆನಪಾಗುವುದೇ ಟ್ರಾಫಿಕ್ ಜಾಮ್. ಜೋರು ಮಳೆ ಬಂದರೆ ದೆಹಲಿ-ಗುರುಗ್ರಾಮ ಎಕ್ಸ್‌ಪ್ರೆಸ್‌ವೇಯಲ್ಲಿ ವಾಹನಗಳು ಗಂಟೆಗಟ್ಟಲೆ ನಿಂತುಬಿಡುತ್ತವೆ. ಆದರೆ ಇದೇ ಊರಿನ ಟೆಲಿಕಾಂ ಲ್ಯಾಬ್‌ಗಳಲ್ಲಿ ಕೆಲಸ ಮಾಡುವ ಎಂಜಿನಿಯರ್‌ಗಳ ತಲೆನೋವು ಬೇರೆಯೇ ಇದೆ. ಅಲ್ಲಿ ಟ್ರಾಫಿಕ್ ಹೆಚ್ಚಾಗುವುದಲ್ಲ, ಕಾಣೆಯಾಗುವುದೇ ಸಮಸ್ಯೆ!

ಒಂದು ಪೋರ್ಟ್‌ನಿಂದ ಸೆಕೆಂಡಿಗೆ ಒಂದೂವರೆ ಕೋಟಿಯಷ್ಟು ಪ್ಯಾಕೆಟ್ ಕಳಿಸುತ್ತಾರೆ. ಇನ್ನೊಂದು ಪೋರ್ಟ್‌ನಲ್ಲಿ ಎಣಿಸಿದರೆ ಲಕ್ಷಗಟ್ಟಲೆ ಕಡಿಮೆ ಬಂದಿರುತ್ತದೆ. ಕೆಲವೊಮ್ಮೆ ಒಂದೂ ಬಂದಿರುವುದಿಲ್ಲ. ತಪ್ಪು ಯಾರದು? ಸಾಫ್ಟ್‌ವೇರ್‌ನದೇ, ಕಾರ್ಡ್‌ನದೇ, ಕೇಬಲ್‌ನದೇ ಅಥವಾ ಟೆಸ್ಟ್ ಮಾಡಿದ ರೀತಿಯೇ ತಪ್ಪೇ? ಈ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಚೆನ್ನಾಗಿರುವ ಸಾಫ್ಟ್‌ವೇರನ್ನು ವಾರಗಟ್ಟಲೆ ಬಿಚ್ಚಿ ಕಟ್ಟಬೇಕಾಗುತ್ತದೆ. ಇಲ್ಲವೇ ಕೆಟ್ಟ ಸಲಕರಣೆ ಪಾಸ್ ಆಗಿ ನಮ್ಮ-ನಿಮ್ಮ ಮೊಬೈಲ್ ನೆಟ್‌ವರ್ಕ್‌ಗೆ ಬಂದು ಕೂರುತ್ತದೆ.

ಹಾಗಾದರೆ ಕಾಣೆಯಾದ ಪ್ಯಾಕೆಟ್ ಪತ್ತೆ ಹಚ್ಚುವುದು ಹೇಗೆ? ಈ ಕ್ಷೇತ್ರಕ್ಕೆ ಹೊಸದಾಗಿ ಬರುವ ವಿದ್ಯಾರ್ಥಿಗಳು ಮತ್ತು ಟೆಸ್ಟಿಂಗ್ ಕೆಲಸದಲ್ಲಿರುವವರು ತಿಳಿದಿರಬೇಕಾದ ಅಂಶಗಳು ಇಲ್ಲಿವೆ.

ಗುರುಗ್ರಾಮಕ್ಕೂ ಇದಕ್ಕೂ ಏನು ಸಂಬಂಧ?

ಏರ್‌ಟೆಲ್‌ನ ನೋಂದಾಯಿತ ಕಚೇರಿ ಇರುವುದು ಗುರುಗ್ರಾಮದ ಉದ್ಯೋಗ್ ವಿಹಾರದಲ್ಲಿ. ಎರಿಕ್ಸನ್‌ನ ದೊಡ್ಡ ಕಚೇರಿ ಇಲ್ಲಿನ ಸೈಬರ್ ಸಿಟಿಯಲ್ಲಿದೆ. ಪರೀಕ್ಷಾ ಸಲಕರಣೆ ತಯಾರಿಸುವ ಕೀಸೈಟ್ ಕಂಪನಿಯ ಕೇಂದ್ರ ಪಕ್ಕದ ಮಾನೇಸರ್‌ನಲ್ಲಿದೆ. ಪ್ಯಾಕೆಟ್ ಜನರೇಟರ್ ಯಂತ್ರಗಳಿಗೆ ಹೆಸರಾದ ಇಕ್ಸಿಯಾವನ್ನು 2017ರಲ್ಲಿ ಖರೀದಿಸಿದ್ದು ಇದೇ ಕೀಸೈಟ್. 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿಗೆ ಚಾಲನೆ ಸಿಕ್ಕಾಗ ಮೊದಲ ಹಂತಕ್ಕೆ ಆಯ್ಕೆಯಾಗಿದ್ದ 13 ನಗರಗಳ ಪಟ್ಟಿಯಲ್ಲಿ ಬೆಂಗಳೂರಿನ ಜೊತೆ ಗುರುಗ್ರಾಮವೂ ಇತ್ತು.

5ಜಿ ಜಾಲದಲ್ಲಿ ನಿಮ್ಮ ಮೊಬೈಲ್‌ನ ಡೇಟಾ ಇಂಟರ್ನೆಟ್‌ಗೆ ಹೋಗುವ ಮೊದಲು ಯುಪಿಎಫ್ ಎಂಬ ಘಟಕವನ್ನು ದಾಟಬೇಕು. ಇದು ಈಗ ಬಹುತೇಕ ಸಾಮಾನ್ಯ ಸರ್ವರ್‌ಗಳ ಮೇಲೆ ಓಡುವ ಸಾಫ್ಟ್‌ವೇರ್. ಮೊದಲು ವಿಶೇಷ ಚಿಪ್‌ಗಳು ಮಾಡುತ್ತಿದ್ದ ಕೆಲಸವನ್ನು ಸಾಫ್ಟ್‌ವೇರ್ ಮಾಡಬಲ್ಲದೇ ಎಂದು ನೋಡಲು ಪ್ಯಾಕೆಟ್ ಟೆಸ್ಟ್ ಬೇಕೇ ಬೇಕು.

ಒಂದು ಪ್ಯಾಕೆಟ್‌ಗೆ ಸಿಗುವ ಸಮಯ ಎಷ್ಟು?

ಸಮಸ್ಯೆ ಅರ್ಥವಾಗಬೇಕಾದರೆ ಈ ಲೆಕ್ಕ ಗೊತ್ತಿರಬೇಕು. ಈಥರ್ನೆಟ್‌ನ ಅತಿ ಚಿಕ್ಕ ಫ್ರೇಮ್ 64 ಬೈಟ್. ತಂತಿಯ ಮೇಲೆ ಇದರ ಜೊತೆ ಇನ್ನೂ 20 ಬೈಟ್‌ನಷ್ಟು ಜಾಗ ಹೋಗುತ್ತದೆ. 8 ಬೈಟ್ ಆರಂಭದ ಸೂಚನೆಗೆ, 12 ಬೈಟ್ ಎರಡು ಫ್ರೇಮ್‌ಗಳ ನಡುವಿನ ಅಂತರಕ್ಕೆ. ಅಂದರೆ ಒಟ್ಟು 84 ಬೈಟ್.

* 10 ಗಿಗಾಬಿಟ್ ಲಿಂಕ್, 64 ಬೈಟ್ ಫ್ರೇಮ್: ಸೆಕೆಂಡಿಗೆ 1,48,80,952 ಪ್ಯಾಕೆಟ್. ಒಂದಕ್ಕೆ ಸಿಗುವ ಸಮಯ 67.2 ನ್ಯಾನೋಸೆಕೆಂಡ್.
* 10 ಗಿಗಾಬಿಟ್ ಲಿಂಕ್, 1518 ಬೈಟ್ ಫ್ರೇಮ್: ಸೆಕೆಂಡಿಗೆ ಸುಮಾರು 8.12 ಲಕ್ಷ ಪ್ಯಾಕೆಟ್.
* 100 ಗಿಗಾಬಿಟ್ ಲಿಂಕ್, 64 ಬೈಟ್ ಫ್ರೇಮ್: ಸೆಕೆಂಡಿಗೆ ಸುಮಾರು 14.88 ಕೋಟಿ ಪ್ಯಾಕೆಟ್. ಒಂದಕ್ಕೆ ಸಿಗುವ ಸಮಯ 6.72 ನ್ಯಾನೋಸೆಕೆಂಡ್.

3 ಗಿಗಾಹರ್ಟ್ಸ್ ಪ್ರೊಸೆಸರ್‌ನ ಒಂದು ಕೋರ್ 67.2 ನ್ಯಾನೋಸೆಕೆಂಡ್‌ನಲ್ಲಿ ಸುಮಾರು 200 ಬಾರಿ ಮಿಡಿಯುತ್ತದೆ. ಪ್ಯಾಕೆಟ್ ಓದಿ, ಎಲ್ಲಿಗೆ ಕಳಿಸಬೇಕೆಂದು ನಿರ್ಧರಿಸಿ, ಹೊರಗೆ ಕಳಿಸುವುದು ಇಷ್ಟರಲ್ಲೇ ಮುಗಿಯಬೇಕು. 100 ಗಿಗಾಬಿಟ್‌ನಲ್ಲಿ ಸಿಗುವುದು ಬರೀ 20 ಮಿಡಿತ. ಹಾಗಾಗಿಯೇ ಅಲ್ಲಿ ಕೆಲಸವನ್ನು ಹಲವು ಕೋರ್‌ಗಳಿಗೆ ಹಂಚುವುದು ಅನಿವಾರ್ಯ.

ಡಿಪಿಡಿಕೆ ಎಂದರೇನು?

ಸಾಮಾನ್ಯವಾಗಿ ಪ್ಯಾಕೆಟ್ ಬಂದಾಗ ನೆಟ್‌ವರ್ಕ್ ಕಾರ್ಡ್ ಲಿನಕ್ಸ್ ಕರ್ನಲ್‌ಗೆ ಸುದ್ದಿ ಮುಟ್ಟಿಸುತ್ತದೆ. ಕರ್ನಲ್ ಅದನ್ನು ಪರಿಶೀಲಿಸಿ ಪ್ರೋಗ್ರಾಂಗೆ ಕೊಡುತ್ತದೆ. 67 ನ್ಯಾನೋಸೆಕೆಂಡ್‌ನ ಲೆಕ್ಕದಲ್ಲಿ ಇಷ್ಟೆಲ್ಲ ಓಡಾಟಕ್ಕೆ ಸಮಯವಿಲ್ಲ. ಇದಕ್ಕೆ ಪರಿಹಾರವಾಗಿ ಇಂಟೆಲ್ ಕಂಪನಿ ರೂಪಿಸಿದ್ದೇ ಡೇಟಾ ಪ್ಲೇನ್ ಡೆವಲಪ್‌ಮೆಂಟ್ ಕಿಟ್, ಚಿಕ್ಕದಾಗಿ ಡಿಪಿಡಿಕೆ. ಇದರಲ್ಲಿ ಪ್ರೋಗ್ರಾಂ ಕರ್ನಲ್‌ಅನ್ನು ಬದಿಗಿಟ್ಟು ನೇರವಾಗಿ ಕಾರ್ಡ್‌ನಿಂದಲೇ ಪ್ಯಾಕೆಟ್ ಎತ್ತಿಕೊಳ್ಳುತ್ತದೆ. 'ಪ್ಯಾಕೆಟ್ ಬಂತಾ, ಬಂತಾ' ಎಂದು ಒಂದು ಕೋರ್ ಬಿಡುವಿಲ್ಲದೆ ನೋಡುತ್ತಲೇ ಇರುತ್ತದೆ.

2010ರಲ್ಲಿ ರೂಪುಗೊಂಡ ಡಿಪಿಡಿಕೆ 2017ರಲ್ಲಿ ಲಿನಕ್ಸ್ ಫೌಂಡೇಶನ್‌ನ ಯೋಜನೆಯಾಯಿತು. ಇದರ ಜನಕ ಎಂದು ಕರೆಸಿಕೊಳ್ಳುವ ಇಂಟೆಲ್ ಎಂಜಿನಿಯರ್ ವೆಂಕಿ ವೆಂಕಟೇಶನ್ 2018ರಲ್ಲಿ ತೀರಿಕೊಂಡರು. ಅವರ ನೆನಪಿಗಾಗಿ ಆ ವರ್ಷದ 18.05 ಆವೃತ್ತಿಗೆ 'ವೆಂಕಿ' ಎಂದೇ ಹೆಸರಿಡಲಾಯಿತು. 2018 ಮತ್ತು 2019ರಲ್ಲಿ ಡಿಪಿಡಿಕೆ ಸಮಾವೇಶಗಳು ನಮ್ಮ ಬೆಂಗಳೂರಿನಲ್ಲೂ ನಡೆದವು.

ಮೊದಲ ನಿಯಮ: ಹುಡುಕುವ ಮುನ್ನ ಲೆಕ್ಕ ಹಾಕಿ

ಬಸ್ ಕಂಡಕ್ಟರ್ ಲೆಕ್ಕ ಎಲ್ಲರಿಗೂ ಗೊತ್ತು. ಹತ್ತಿದವರ ಸಂಖ್ಯೆಯು ಇಳಿದವರು ಮತ್ತು ಬಸ್‌ನಲ್ಲಿ ಉಳಿದವರ ಸಂಖ್ಯೆಗೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ಚೆಕಿಂಗ್‌ನವರು ಒಂದೊಂದೇ ಸ್ಟೇಜ್ ಹಿಡಿದು ಕೇಳುತ್ತಾರೆ. ಪ್ಯಾಕೆಟ್ ಟೆಸ್ಟ್‌ನಲ್ಲೂ ಇದೇ ವಿಧಾನ. ಪ್ಯಾಕೆಟ್‌ಗಳು ಗಾಳಿಯಲ್ಲಿ ಕರಗಿ ಹೋಗುವುದಿಲ್ಲ. ಯಾವುದೋ ಒಂದು ಜಾಗದಲ್ಲಿ ಯಾರೋ ಅದನ್ನು ಬೀಳಿಸಿರುತ್ತಾರೆ. ಬಹುತೇಕ ಸಂದರ್ಭಗಳಲ್ಲಿ ಅಲ್ಲೊಂದು ಕೌಂಟರ್ ಅದನ್ನು ಬರೆದಿಟ್ಟಿರುತ್ತದೆ.

ಡಿಪಿಡಿಕೆಯಲ್ಲಿ ಪ್ರತಿ ಪೋರ್ಟ್‌ಗೂ ಇಂಥ ಕೆಲವು ಮುಖ್ಯ ಕೌಂಟರ್‌ಗಳಿವೆ.

* ಐಪ್ಯಾಕೆಟ್ಸ್: ಸರಿಯಾಗಿ ಒಳಬಂದ ಪ್ಯಾಕೆಟ್‌ಗಳು.
* ಐಮಿಸ್ಡ್: ಕಾರ್ಡ್‌ವರೆಗೆ ಬಂದವು, ಆದರೆ ಕ್ಯೂ ತುಂಬಿದ್ದರಿಂದ ಕಾರ್ಡೇ ಬೀಳಿಸಿದವು.
* ಐಎರರ್ಸ್: ಹಾಳಾಗಿ ಬಂದ ಪ್ಯಾಕೆಟ್‌ಗಳು.
* ಆರ್‌ಎಕ್ಸ್ ನೋಎಂಬಫ್: ಪ್ಯಾಕೆಟ್ ಇಡಲು ಮೆಮೊರಿಯಲ್ಲಿ ಖಾಲಿ ಬಫರ್ ಸಿಗದೆ ಹೋದ ಸಂದರ್ಭಗಳು.
* ಓಪ್ಯಾಕೆಟ್ಸ್: ಯಶಸ್ವಿಯಾಗಿ ಹೊರಹೋದವು.

ಒಂದು ಉದಾಹರಣೆ ತೆಗೆದುಕೊಳ್ಳೋಣ. 10 ಗಿಗಾಬಿಟ್‌ನಲ್ಲಿ 64 ಬೈಟ್ ಫ್ರೇಮ್‌ಗಳನ್ನು 60 ಸೆಕೆಂಡ್ ಕಳಿಸಿದರೆ ಒಟ್ಟು 89,28,57,120 ಪ್ಯಾಕೆಟ್. ವಾಪಸ್ ಬಂದಿದ್ದು 88 ಕೋಟಿ ಎಂದುಕೊಳ್ಳಿ. ಕಾಣೆಯಾಗಿದ್ದು 1,28,57,120. ಐಮಿಸ್ಡ್ ಕೌಂಟರ್ 1,20,00,000 ಎಂದು ತೋರಿಸಿದರೆ ಉಳಿದ 8,57,120 ಎಲ್ಲಿ? ಐಎರರ್ಸ್ ಸೊನ್ನೆ, ಬಫರ್ ಕೊರತೆಯೂ ಸೊನ್ನೆ. ಅಂದರೆ ಅವು ಒಳಗೆ ಬಂದಿವೆ, ಹೊರಗೆ ಹೋಗಿಲ್ಲ. ಹುಡುಕಬೇಕಾದ ಜಾಗ ಪ್ರೋಗ್ರಾಂನ ಕಳಿಸುವ ಭಾಗ. ಒಂದೇ ಟೆಸ್ಟ್‌ನಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇರಬಹುದು ಎಂಬುದು ಲೆಕ್ಕ ಹಾಕಿದಾಗ ಮಾತ್ರ ಗೊತ್ತಾಗುತ್ತದೆ.

ನಿಜವಾಗಿಯೂ ಕಾಣೆಯಾಗಿದೆಯೇ? ಈ 3 ಭ್ರಮೆಗಳ ಬಗ್ಗೆ ಎಚ್ಚರ

1. ಬಿಟ್ ಲೆಕ್ಕದ ಗೊಂದಲ: ಜನರೇಟರ್ 10 ಗಿಗಾಬಿಟ್ ಕಳಿಸುತ್ತಿದೆ ಎನ್ನುತ್ತದೆ, ಸ್ವೀಕರಿಸುವ ಕಡೆ 7.62 ಎಂದು ತೋರಿಸುತ್ತದೆ. ಕಾಲು ಭಾಗ ಹೋಯಿತೇ? ಇಲ್ಲ. ಒಬ್ಬರು 84 ಬೈಟ್ ಲೆಕ್ಕ ಹಿಡಿದಿದ್ದಾರೆ, ಇನ್ನೊಬ್ಬರು 64 ಬೈಟ್. ಕೊನೆಯ 4 ಬೈಟ್‌ನ ಸಿಆರ್‌ಸಿಯನ್ನೂ ಬಿಟ್ಟು ಎಣಿಸುವ ಟೂಲ್‌ನಲ್ಲಿ ಇದು 7.14 ಎಂದು ಕಾಣುತ್ತದೆ. ಮೂರೂ ಕಡೆ ಪ್ಯಾಕೆಟ್ ಸಂಖ್ಯೆ ಒಂದೇ! ಹಾಗಾಗಿ ಯಾವಾಗಲೂ ಪ್ಯಾಕೆಟ್‌ಗಳನ್ನು ಹೋಲಿಸಿ, ಬಿಟ್‌ಗಳನ್ನಲ್ಲ.

2. ಓಡುತ್ತಿರುವಾಗಲೇ ಎಣಿಸುವುದು: ಟ್ರಾಫಿಕ್ ಹರಿಯುತ್ತಿರುವಾಗ ಎರಡು ಕಡೆಯ ಕೌಂಟರ್‌ಗಳನ್ನು ಒಂದರ ನಂತರ ಒಂದು ಓದಿದರೆ ವ್ಯತ್ಯಾಸ ಬಂದೇ ಬರುತ್ತದೆ. ದಾರಿಯಲ್ಲಿರುವ ಪ್ಯಾಕೆಟ್‌ಗಳು ಕಾಣೆಯಾದಂತೆ ಕಾಣುತ್ತವೆ. ನೆಟ್‌ವರ್ಕ್ ಸಲಕರಣೆಗಳ ಪರೀಕ್ಷೆಗೆ 1999ರಿಂದ ಆಧಾರವಾಗಿರುವ ಆರ್‌ಎಫ್‌ಸಿ 2544 ದಾಖಲೆ ಇದನ್ನು ಸ್ಪಷ್ಟವಾಗಿ ಹೇಳಿದೆ. ಕಳಿಸುವುದು ನಿಂತ ಮೇಲೆ 2 ಸೆಕೆಂಡ್ ಕಾಯಬೇಕು, ಮುಂದಿನ ಸುತ್ತಿಗೆ ಮೊದಲು ಕನಿಷ್ಠ 5 ಸೆಕೆಂಡ್ ಬಿಡುವು ಕೊಡಬೇಕು.

3. ಟಿಸಿಪಿಡಂಪ್ ಖಾಲಿ: ಹೊಸಬರು ಹೆಚ್ಚಾಗಿ ಬೀಳುವ ಗುಂಡಿ ಇದು. ಡಿಪಿಡಿಕೆ ಓಡಿಸಿ, ಪಕ್ಕದ ವಿಂಡೋದಲ್ಲಿ ಟಿಸಿಪಿಡಂಪ್ ಹಾಕಿ, 'ಒಂದೂ ಪ್ಯಾಕೆಟ್ ಬರುತ್ತಿಲ್ಲ' ಎಂದು ಗಾಬರಿಯಾಗುತ್ತಾರೆ. ಪೋರ್ಟ್ ಅನ್ನು ವಿಎಫ್‌ಐಒ ಡ್ರೈವರ್‌ಗೆ ಒಪ್ಪಿಸಿದ ಮೇಲೆ ಅದು ಕರ್ನಲ್ ಕಣ್ಣಿಗೆ ಕಾಣುವುದೇ ಇಲ್ಲ. ಇಂಟರ್‌ಫೇಸ್ ಪಟ್ಟಿಯಲ್ಲೂ ಇರುವುದಿಲ್ಲ. ಇದಕ್ಕೆ ಡಿಪಿಡಿಕೆಯದೇ ಡಂಪ್‌ಕ್ಯಾಪ್ ಟೂಲ್ ಬಳಸಬೇಕು.

ದಾರಿಯುದ್ದಕ್ಕೂ ಎಲ್ಲೆಲ್ಲಿ ನೋಡಬೇಕು?

ಪ್ಯಾಕೆಟ್ ಸಾಗುವ ದಾರಿಯಲ್ಲೇ, ಅದೇ ಕ್ರಮದಲ್ಲಿ ಹುಡುಕಿಕೊಂಡು ಹೋಗುವುದು ಒಳ್ಳೆಯದು. ಮಧ್ಯದಿಂದ ಶುರು ಮಾಡಿದರೆ ಸಮಯ ವ್ಯರ್ಥ.

ಜನರೇಟರ್ ನಿಜವಾಗಿಯೂ ಕಳಿಸಿತೇ?

ಸಾಫ್ಟ್‌ವೇರ್ ಜನರೇಟರ್‌ಗಳೂ ಒಂದು ಸರ್ವರ್ ಮೇಲೆಯೇ ಓಡುತ್ತವೆ. ಸಿಸ್ಕೋದ ಟಿ-ರೆಕ್ಸ್ ಆಗಲಿ, ಡಿಪಿಡಿಕೆಯ ಪ್ಯಾಕೆಟ್‌ಜೆನ್ ಆಗಲಿ, ನೀವು ಕೇಳಿದ ವೇಗ ಬೇರೆ, ಅವು ಕಳಿಸಿದ ವೇಗ ಬೇರೆ ಆಗಿರಬಹುದು. ಇದನ್ನು ಪರೀಕ್ಷಿಸಲು ಸುಲಭ ದಾರಿ ಇದೆ. ಪರೀಕ್ಷೆಗಿಟ್ಟ ಸಲಕರಣೆಯನ್ನು ತೆಗೆದು, ಜನರೇಟರ್‌ನ ಎರಡು ಪೋರ್ಟ್‌ಗಳನ್ನು ಒಂದೇ ಕೇಬಲ್‌ನಿಂದ ಸೇರಿಸಿ. ಆಗಲೂ ನಷ್ಟ ಕಾಣಿಸಿದರೆ ಕಳ್ಳ ಮನೆಯೊಳಗೇ ಇದ್ದಾನೆ ಎಂದರ್ಥ.

ಕೇಬಲ್ ಮತ್ತು ಮಾಡ್ಯೂಲ್

ಐಎರರ್ಸ್ ಅಥವಾ ಸಿಆರ್‌ಸಿ ದೋಷಗಳ ಸಂಖ್ಯೆ ಏರುತ್ತಿದ್ದರೆ ಸಾಫ್ಟ್‌ವೇರ್ ಮುಟ್ಟಬೇಡಿ. ಫೈಬರ್ ತುದಿ ಸ್ವಚ್ಛಗೊಳಿಸಿ, ಕೇಬಲ್ ಬದಲಿಸಿ, ಮಾಡ್ಯೂಲ್ ಬದಲಿಸಿ ನೋಡಿ. 100 ಗಿಗಾಬಿಟ್ ಲಿಂಕ್‌ಗಳಲ್ಲಿ ದೋಷ ಸರಿಪಡಿಸುವ ಎಫ್‌ಇಸಿ ಸೆಟ್ಟಿಂಗ್ ಎರಡೂ ತುದಿಯಲ್ಲಿ ಒಂದೇ ಇರದಿದ್ದರೆ ಲಿಂಕ್ ಮೇಲೇಳುವುದೇ ಇಲ್ಲ.

ವಿಳಾಸ ಸರಿ ಇದೆಯೇ?

ಕಾರ್ಡ್ ತನ್ನ ಮ್ಯಾಕ್ ವಿಳಾಸಕ್ಕೆ ಬಂದ ಫ್ರೇಮ್‌ಗಳನ್ನು ಮಾತ್ರ ಒಳಗೆ ಬಿಡುತ್ತದೆ. ಪ್ರಾಮಿಸ್ಕ್ಯುಯಸ್ ಮೋಡ್ ಆಫ್ ಇದ್ದು, ಜನರೇಟರ್‌ನಲ್ಲಿ ಬೇರೆ ಮ್ಯಾಕ್ ವಿಳಾಸ ಇದ್ದರೆ ಎಲ್ಲಾ ಪ್ಯಾಕೆಟ್‌ಗಳೂ ಬಾಗಿಲಲ್ಲೇ ಬೀಳುತ್ತವೆ. ಐಮಿಸ್ಡ್ ಕೌಂಟರ್ ಕೂಡ ಏರುವುದಿಲ್ಲ. ವಿಎಲ್‌ಎಎನ್ ಸಂಖ್ಯೆ ತಪ್ಪಿದರೂ ಇದೇ ಗತಿ. ವರ್ಚುವಲ್ ಮಷೀನ್‌ಗಳಲ್ಲಿ ಇನ್ನೊಂದು ತೊಡಕಿದೆ. ತನ್ನದಲ್ಲದ ಮ್ಯಾಕ್ ವಿಳಾಸ ಹಾಕಿಕೊಂಡು ಹೊರಡುವ ಪ್ಯಾಕೆಟ್‌ಗಳನ್ನು ಕಾರ್ಡ್‌ನ ನಕಲಿ ವಿಳಾಸ ತಡೆ ವ್ಯವಸ್ಥೆ ಸದ್ದಿಲ್ಲದೆ ತಡೆಯುತ್ತದೆ.

ಒಂದೇ ಬೂತ್‌ಗೆ ಎಲ್ಲಾ ವಾಹನ

ದೆಹಲಿ-ಗುರುಗ್ರಾಮ ಎಕ್ಸ್‌ಪ್ರೆಸ್‌ವೇಯ ಸಿರಹೌಲ್‌ನಲ್ಲಿ 32 ಲೇನ್‌ಗಳ ಟೋಲ್ ಪ್ಲಾಜಾ ಇತ್ತು. ಜಾಮ್ ತಾಳಲಾರದೆ ಜನ ಕೋರ್ಟ್ ಮೆಟ್ಟಿಲೇರಿದರು. ಕೊನೆಗೆ 2014ರಲ್ಲಿ ಅದನ್ನು ತೆಗೆಯಲಾಯಿತು. ಅಲ್ಲಿ ಎಲ್ಲಾ 32 ಲೇನ್ ತೆರೆದಿದ್ದರೂ ಪ್ರತಿ ವಾಹನವೂ ಒಂದೇ ಬೂತ್‌ಗೆ ಹೋಗಿ ನಿಂತಿದ್ದರೆ ಏನಾಗುತ್ತಿತ್ತು ಎಂದು ಊಹಿಸಿ. ಪ್ಯಾಕೆಟ್ ಟೆಸ್ಟ್‌ನಲ್ಲಿ ಇದು ನಿಜಕ್ಕೂ ಆಗುತ್ತದೆ!

ಕಾರ್ಡ್ ತನಗೆ ಬರುವ ಪ್ಯಾಕೆಟ್‌ಗಳನ್ನು ಆರ್‌ಎಸ್‌ಎಸ್ ಎಂಬ ವಿಧಾನದಲ್ಲಿ ಹಲವು ಕ್ಯೂಗಳಿಗೆ ಹಂಚುತ್ತದೆ. ಐಪಿ ವಿಳಾಸ ಮತ್ತು ಪೋರ್ಟ್ ಸಂಖ್ಯೆಗಳಿಂದ ಒಂದು ಲೆಕ್ಕ ಮಾಡಿ, ಅದರ ಉತ್ತರದಂತೆ ಕ್ಯೂ ಆರಿಸುತ್ತದೆ. ಜನರೇಟರ್ ಒಂದೇ ವಿಳಾಸದಿಂದ ಒಂದೇ ವಿಳಾಸಕ್ಕೆ ಕಳಿಸುತ್ತಿದ್ದರೆ ಉತ್ತರವೂ ಪ್ರತಿ ಬಾರಿ ಒಂದೇ. 8 ಕೋರ್‌ಗಳಿದ್ದರೂ 7 ಖಾಲಿ, ಒಂದರ ಮೇಲೆ ಪೂರ್ತಿ ಹೊರೆ. ವಿಳಾಸ ಮತ್ತು ಪೋರ್ಟ್‌ಗಳನ್ನು ಬದಲಿಸುತ್ತಾ ಸಾವಿರಾರು ಫ್ಲೋ ಕಳಿಸಿದರೆ ಹೊರೆ ಹಂಚಿಕೆಯಾಗುತ್ತದೆ. ಇಂಥ ಪರೀಕ್ಷೆಗಳಿಗೆಂದೇ 198.18.0.0ರಿಂದ 198.19.255.255ರವರೆಗಿನ ವಿಳಾಸಗಳನ್ನು ಮೀಸಲಿಡಲಾಗಿದೆ.

ಇದರ ತಮ್ಮನಂಥ ಇನ್ನೊಂದು ತಪ್ಪಿದೆ. 2 ಕ್ಯೂ ತೆರೆದು, ಒಂದನ್ನು ಮಾತ್ರ ನೋಡಿಕೊಳ್ಳಲು ಕೋರ್ ನೇಮಿಸುವುದು. ಎರಡನೇ ಕ್ಯೂ ತುಂಬಿ ನಿಲ್ಲುತ್ತದೆ. ಸರಿಯಾಗಿ ಅರ್ಧ ಟ್ರಾಫಿಕ್ ಕಾಣೆಯಾಗುತ್ತದೆ. ಕೆಲವು ಕಾರ್ಡ್‌ಗಳಲ್ಲಿ ಸೆಟ್ಟಿಂಗ್ ಸರಿ ಇಲ್ಲದಿದ್ದರೆ ಒಂದು ಕ್ಯೂ ತುಂಬಿದಾಗ ಉಳಿದವೂ ನಿಂತುಹೋಗುತ್ತವೆ.

ಕೋರ್‌ಗೆ ಕಣ್ಣು ಮಿಟುಕಿಸಲೂ ಸಮಯವಿಲ್ಲ

ಐಮಿಸ್ಡ್ ಏರುತ್ತಿದ್ದರೆ ಅರ್ಥ ಒಂದೇ. ಪ್ಯಾಕೆಟ್ ಬರುವ ವೇಗಕ್ಕೆ ಎತ್ತಿಕೊಳ್ಳುವವರು ಇಲ್ಲ. 1024 ಜಾಗಗಳ ಕ್ಯೂ 10 ಗಿಗಾಬಿಟ್ ಪೂರ್ಣ ವೇಗದಲ್ಲಿ ತುಂಬಲು ಬೇಕಾಗುವುದು ಸುಮಾರು 69 ಮೈಕ್ರೋಸೆಕೆಂಡ್ ಮಾತ್ರ. ಅಷ್ಟು ಹೊತ್ತು ಆಪರೇಟಿಂಗ್ ಸಿಸ್ಟಂ ಆ ಕೋರ್ ಅನ್ನು ಬೇರೆ ಕೆಲಸಕ್ಕೆ ಕರೆದರೆ ಸಾಕು, ಪ್ಯಾಕೆಟ್ ಬೀಳಲು ಶುರು. ಕ್ಯೂ ಗಾತ್ರವನ್ನು 4096ಕ್ಕೆ ಏರಿಸಿದರೆ ಸಿಗುವುದು ಸುಮಾರು 275 ಮೈಕ್ರೋಸೆಕೆಂಡ್.

ಹಾಗಾಗಿ ಪ್ಯಾಕೆಟ್ ಕೆಲಸದ ಕೋರ್‌ಗಳನ್ನು ಲಿನಕ್ಸ್‌ನ ಬೇರೆ ಕೆಲಸಗಳಿಂದ ಪ್ರತ್ಯೇಕವಾಗಿ ಇಡಬೇಕು. ವಿದ್ಯುತ್ ಉಳಿಸುವ ಸೆಟ್ಟಿಂಗ್‌ಗಳನ್ನು ಬಯೋಸ್‌ನಲ್ಲಿ ಆಫ್ ಮಾಡಬೇಕು. ಆದರೆ ಗಮನಿಸಿ, ಕ್ಯೂ ದೊಡ್ಡದು ಮಾಡುವುದು ಆಗಾಗ ಬರುವ ಸಣ್ಣ ಅಡಚಣೆಗೆ ಮದ್ದು. ಕೋರ್ ಸದಾ ನಿಧಾನವಿದ್ದರೆ ಎಷ್ಟು ದೊಡ್ಡ ಕ್ಯೂ ಕೂಡ ತುಂಬಿಯೇ ತುಂಬುತ್ತದೆ.

ಬಫರ್ ಕೊರತೆ

4 ಕ್ಯೂ, ತಲಾ 1024 ಜಾಗ ಎಂದರೆ ಕ್ಯೂಗಳೇ 4096 ಬಫರ್ ಹಿಡಿದಿಟ್ಟುಕೊಳ್ಳುತ್ತವೆ. ಕಳಿಸುವ ಕ್ಯೂಗಳಿಗೆ, ಕೋರ್‌ಗಳ ಕೈಯಲ್ಲಿರುವುದಕ್ಕೆ ಇನ್ನಷ್ಟು ಬೇಕು. ಒಟ್ಟು ಬಫರ್ ಇದಕ್ಕಿಂತ ಕಡಿಮೆ ಇದ್ದರೆ ನೋಎಂಬಫ್ ಏರುತ್ತದೆ. ಟೆಸ್ಟ್ ಶುರುವಾದಾಗ ಚೆನ್ನಾಗಿದ್ದು, ಕೆಲವು ನಿಮಿಷ ಅಥವಾ ಗಂಟೆಗಳ ನಂತರ ಇದ್ದಕ್ಕಿದ್ದಂತೆ ಎಲ್ಲವೂ ನಿಂತರೆ ಪ್ರೋಗ್ರಾಂ ಬಳಸಿದ ಬಫರ್ ವಾಪಸ್ ಕೊಡುತ್ತಿಲ್ಲ ಎಂದು ಅನುಮಾನಿಸಬೇಕು.

ಕಾರ್ಡ್ ಯಾವ ಸ್ಲಾಟ್‌ನಲ್ಲಿದೆ?

ಮೂರನೇ ಪೀಳಿಗೆಯ ಪಿಸಿಐ ಎಕ್ಸ್‌ಪ್ರೆಸ್‌ನ 8 ಲೇನ್ ಸ್ಲಾಟ್ ಸಾಗಿಸಬಲ್ಲದ್ದು ಹೆಚ್ಚೆಂದರೆ 63 ಗಿಗಾಬಿಟ್. ಅದರಲ್ಲಿ 100 ಗಿಗಾಬಿಟ್ ಕಾರ್ಡ್ ಹಾಕಿದರೆ ಎಂಥ ಸಾಫ್ಟ್‌ವೇರ್ ಬರೆದರೂ ಪ್ರಯೋಜನವಿಲ್ಲ. 16 ಲೇನ್ ಸ್ಲಾಟ್‌ನಲ್ಲೇ ಇದ್ದರೂ ಕಾರ್ಡ್ ಸರಿಯಾಗಿ ಕೂತಿರದಿದ್ದರೆ ಕಡಿಮೆ ಲೇನ್‌ನಲ್ಲಿ ಓಡುವುದುಂಟು. ಎಲ್‌ಎಸ್‌ಪಿಸಿಐ ಕಮಾಂಡ್ ಇದನ್ನು ತಕ್ಷಣ ತೋರಿಸುತ್ತದೆ.

ಎರಡು ಪ್ರೊಸೆಸರ್‌ಗಳ ಸರ್ವರ್‌ನಲ್ಲಿ ಕಾರ್ಡ್ ಒಂದರ ಬಳಿ, ಕೆಲಸ ಮಾಡುವ ಕೋರ್ ಇನ್ನೊಂದರ ಬಳಿ ಇದ್ದರೆ ಪ್ರತಿ ಪ್ಯಾಕೆಟ್‌ಗೂ ದೂರದ ಪ್ರಯಾಣ. ಕಾರ್ಡ್, ಕೋರ್, ಮೆಮೊರಿ ಮೂರೂ ಒಂದೇ ಪ್ರೊಸೆಸರ್‌ಗೆ ಸೇರಿರುವಂತೆ ನೋಡಿಕೊಳ್ಳಿ.

ಹೊರಬಾಗಿಲಲ್ಲಿ ಬೀಳುವ ಪ್ಯಾಕೆಟ್

ಹೊರಗೆ ಕಳಿಸಲು ಪ್ರೋಗ್ರಾಂ 32 ಪ್ಯಾಕೆಟ್ ಕೊಟ್ಟರೆ, ಜಾಗ ಕಡಿಮೆ ಇದ್ದಾಗ ಕಾರ್ಡ್ 20 ಮಾತ್ರ ತೆಗೆದುಕೊಂಡು 'ಇಷ್ಟೇ ಆಯಿತು' ಎನ್ನಬಹುದು. ಉಳಿದ 12ರ ಜವಾಬ್ದಾರಿ ಪ್ರೋಗ್ರಾಂನದು. ಬಹಳಷ್ಟು ಪ್ರೋಗ್ರಾಂಗಳು ಅವನ್ನು ಬಿಸಾಡಿಬಿಡುತ್ತವೆ. ಇವು ಕಾರ್ಡ್‌ನ ಯಾವ ಕೌಂಟರ್‌ನಲ್ಲೂ ಸಿಗುವುದಿಲ್ಲ. ಪ್ರೋಗ್ರಾಂ ಬರೆದವರೇ ಒಂದು ಕೌಂಟರ್ ಇಟ್ಟಿರಬೇಕು. ಲೆಕ್ಕ ತಾಳೆಯಾಗದೆ ಉಳಿಯುವ ಪ್ಯಾಕೆಟ್‌ಗಳಿಗೆ ಇದು ಸಾಮಾನ್ಯ ಕಾರಣ.

ನಷ್ಟದ ಲಕ್ಷಣ ನೋಡಿ ಕಾರಣ ಊಹಿಸಿ

ವೈದ್ಯರು ಜ್ವರದ ಲಕ್ಷಣ ನೋಡಿ ಯಾವ ಪರೀಕ್ಷೆ ಮಾಡಿಸಬೇಕೆಂದು ಹೇಳುತ್ತಾರಲ್ಲ, ಹಾಗೆಯೇ ನಷ್ಟದ ರೀತಿಯೂ ಸುಳಿವು ಕೊಡುತ್ತದೆ.

* ಒಂದೂ ಪ್ಯಾಕೆಟ್ ಬರುತ್ತಿಲ್ಲ: ಲಿಂಕ್, ಮ್ಯಾಕ್ ವಿಳಾಸ, ವಿಎಲ್‌ಎಎನ್, ಎಆರ್‌ಪಿ ನೋಡಿ.
* ಸರಿಯಾಗಿ ಅರ್ಧ ಅಥವಾ ಕಾಲು ಭಾಗ ಕಾಣೆ: ಯಾವುದೋ ಕ್ಯೂ ಅಥವಾ ಪೋರ್ಟ್ ಅನಾಥವಾಗಿದೆ.
* ಪ್ಯಾಕೆಟ್ ಗಾತ್ರ ಬದಲಿಸಿದರೂ ಸೆಕೆಂಡಿಗೆ ಅಷ್ಟೇ ಸಂಖ್ಯೆಯ ಪ್ಯಾಕೆಟ್: ಕೋರ್‌ನ ಶಕ್ತಿ ಅಷ್ಟೇ.
* ಗಾತ್ರ ಬದಲಿಸಿದರೂ ಅಷ್ಟೇ ಗಿಗಾಬಿಟ್‌ಗೆ ನಿಲ್ಲುತ್ತದೆ: ಸ್ಲಾಟ್ ಅಥವಾ ಲಿಂಕ್‌ನ ಮಿತಿ.
* ಕಡಿಮೆ ವೇಗದಲ್ಲೂ ಆಗಾಗ ಕೆಲವೇ ಪ್ಯಾಕೆಟ್ ಕಾಣೆ: ಕೋರ್‌ಗೆ ಅಡಚಣೆ, ವಿದ್ಯುತ್ ಉಳಿತಾಯದ ಸೆಟ್ಟಿಂಗ್ ಅಥವಾ ಕೊಳೆಯಾದ ಫೈಬರ್.
* ದೊಡ್ಡ ಪ್ಯಾಕೆಟ್ ಮಾತ್ರ ಕಾಣೆ: ಎಂಟಿಯು ಅಥವಾ ಬಫರ್ ಗಾತ್ರ.
* ಶುರುವಿನಲ್ಲಿ ಮಾತ್ರ ನಷ್ಟ: ಎಆರ್‌ಪಿ ಉತ್ತರ ಬರುವ ಮೊದಲೇ ಕಳಿಸಲಾಗಿದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಮತ್ತೆ ಎಣಿಸಿ. ಕೇಬಲ್, ಡ್ರೈವರ್, ಕ್ಯೂ ಗಾತ್ರ ಮೂರನ್ನೂ ಒಟ್ಟಿಗೆ ಬದಲಿಸಿ ಸಮಸ್ಯೆ ಹೋದರೆ ಯಾವುದರಿಂದ ಹೋಯಿತು ಎಂಬುದು ಕೊನೆಗೂ ಗೊತ್ತಾಗುವುದಿಲ್ಲ. ಮುಂದಿನ ತಿಂಗಳು ಅದೇ ಸಮಸ್ಯೆ ಮತ್ತೆ ಬಾಗಿಲು ತಟ್ಟುತ್ತದೆ.

'ನಷ್ಟ ಸೊನ್ನೆ' ಎಂದರೂ ನಂಬುವ ಮುನ್ನ ಯೋಚಿಸಿ

ಪ್ಯಾಕೆಟ್ ಕಾಣೆಯಾದರೆ ಎಲ್ಲರೂ ಓಡಿಬರುತ್ತಾರೆ. ಆದರೆ ಎಲ್ಲವೂ ಸರಿ ಇದೆ ಎಂದು ತೋರಿಸುವ ತಪ್ಪು ಟೆಸ್ಟ್ ಇನ್ನೂ ಅಪಾಯಕಾರಿ.

ಪಾಸ್ ಫ್ರೇಮ್‌: ಸ್ವೀಕರಿಸುವ ಕಾರ್ಡ್ ತನ್ನ ಕ್ಯೂ ತುಂಬುತ್ತಿದ್ದಂತೆ 'ಸ್ವಲ್ಪ ತಡಿ' ಎಂದು ಎದುರಿನವರಿಗೆ ಹೇಳುವ ವ್ಯವಸ್ಥೆ ಈಥರ್ನೆಟ್‌ನಲ್ಲಿದೆ. ಇದು ಆನ್ ಇದ್ದರೆ ಜನರೇಟರ್ ನಿಧಾನವಾಗುತ್ತದೆ, ನಷ್ಟ ಸೊನ್ನೆ ಎಂದು ವರದಿ ಬರುತ್ತದೆ. ಕಳಿಸಿದ ವೇಗವೇ ಕಡಿಮೆ ಎಂಬುದನ್ನು ಯಾರೂ ನೋಡುವುದಿಲ್ಲ.

ದೊಡ್ಡ ಪ್ಯಾಕೆಟ್ ಮಾತ್ರ: 1518 ಬೈಟ್‌ನಲ್ಲಿ 10 ಗಿಗಾಬಿಟ್ ಮುಟ್ಟುವುದಕ್ಕೂ 64 ಬೈಟ್‌ನಲ್ಲಿ ಮುಟ್ಟುವುದಕ್ಕೂ 18 ಪಟ್ಟು ವ್ಯತ್ಯಾಸವಿದೆ. ಅದಕ್ಕೇ ಆರ್‌ಎಫ್‌ಸಿ 2544 ಈಥರ್ನೆಟ್‌ಗೆ 64, 128, 256, 512, 1024, 1280, 1518 ಎಂಬ 7 ಗಾತ್ರಗಳನ್ನು ಸೂಚಿಸಿದೆ.

ಅತಿ ಕಡಿಮೆ ಅವಧಿ: 5 ಸೆಕೆಂಡ್ ಓಡಿಸಿ ಪಾಸ್ ಎನ್ನುವಂತಿಲ್ಲ. ಅಂತಿಮ ಟೆಸ್ಟ್ ಕನಿಷ್ಠ 60 ಸೆಕೆಂಡ್ ಇರಬೇಕು ಎಂಬುದು ಅದೇ ದಾಖಲೆಯ ಸೂಚನೆ.

ಒಂದೇ ಫ್ಲೋ: ಕೆಲವೇ ವಿಳಾಸಗಳಿದ್ದರೆ ಹುಡುಕಾಟದ ಪಟ್ಟಿ ಪ್ರೊಸೆಸರ್‌ನ ವೇಗದ ಮೆಮೊರಿಯಲ್ಲೇ ಕೂರುತ್ತದೆ. ನಿಜ ಜಾಲದಲ್ಲಿ ಲಕ್ಷಗಟ್ಟಲೆ ಗ್ರಾಹಕರು ಬಂದಾಗ ಅದೇ ಸಾಫ್ಟ್‌ವೇರ್ ಏದುಸಿರು ಬಿಡುತ್ತದೆ.

ವರದಿಯಲ್ಲಿ ಏನೇನು ಇರಬೇಕು?

'10 ಲಕ್ಷ ಪ್ಯಾಕೆಟ್ ಹೋಯಿತು' ಎಂದಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ. ಫ್ರೇಮ್ ಗಾತ್ರ, ಫ್ಲೋ ಸಂಖ್ಯೆ, ಅವಧಿ, ಕೇಳಿದ ವೇಗ ಮತ್ತು ನಿಜವಾಗಿ ಕಳಿಸಿದ ವೇಗ, ಟೆಸ್ಟ್‌ಗೆ ಮೊದಲು ಮತ್ತು ನಂತರದ ಎಲ್ಲಾ ಕೌಂಟರ್‌ಗಳು, ಕಾರ್ಡ್ ಮಾದರಿ, ಫರ್ಮ್‌ವೇರ್ ಮತ್ತು ಡ್ರೈವರ್ ಆವೃತ್ತಿ, ಕೋರ್ ಹಂಚಿಕೆ, ನೇರ ಕೇಬಲ್ ಟೆಸ್ಟ್‌ನ ಫಲಿತಾಂಶ ಇವಿಷ್ಟೂ ಇರಬೇಕು. ಆಗ ಗುರುಗ್ರಾಮದಲ್ಲಿ ಕಂಡ ಸಮಸ್ಯೆಯನ್ನು ಬೆಂಗಳೂರಿನ ತಂಡವೂ ತನ್ನ ಲ್ಯಾಬ್‌ನಲ್ಲಿ ಮತ್ತೆ ಮಾಡಿ ನೋಡಬಹುದು.

ಇನ್ನೊಂದು ಎಚ್ಚರಿಕೆ. ಈ ಟೆಸ್ಟ್‌ಗಳನ್ನು ಲ್ಯಾಬ್‌ನಲ್ಲಿ ಮಾತ್ರ ಮಾಡಬೇಕು. ಗ್ರಾಹಕರು ಬಳಸುತ್ತಿರುವ ಜಾಲದ ಮೇಲೆ ಆರ್‌ಎಫ್‌ಸಿ 2544 ಪರೀಕ್ಷೆ ನಡೆಸುವುದು ಹಾನಿಕರ ಎಂದು 2012ರ ಆರ್‌ಎಫ್‌ಸಿ 6815 ಖಡಾಖಂಡಿತವಾಗಿ ಹೇಳಿದೆ.

ಜನಸಾಮಾನ್ಯರಿಗೆ ಇದರಿಂದ ಏನು?

ಲಕ್ಷಕ್ಕೆ ಒಂದು ಪ್ಯಾಕೆಟ್ ಬಿದ್ದರೆ ಏನಾದೀತು ಎನ್ನಬಹುದು. 10 ಗಿಗಾಬಿಟ್ ಪೂರ್ಣ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 149 ಪ್ಯಾಕೆಟ್. ವೆಬ್‌ಸೈಟ್, ಹಣ ಪಾವತಿಯಂಥ ಸೇವೆಗಳಲ್ಲಿ ಬಿದ್ದ ಪ್ಯಾಕೆಟ್ ಅನ್ನು ಟಿಸಿಪಿ ಮತ್ತೆ ಕಳಿಸುತ್ತದೆ. ನಿಮಗೆ ಕಾಣುವುದು ತಿರುಗುತ್ತಲೇ ಇರುವ ಚಕ್ರ ಮಾತ್ರ. ಫೋನ್ ಕರೆ, ವಿಡಿಯೋ ಕರೆಗಳಲ್ಲಿ ಮತ್ತೆ ಕಳಿಸಲು ಸಮಯವೇ ಇರುವುದಿಲ್ಲ. ಮಾತು ಮಧ್ಯದಲ್ಲಿ ತುಂಡಾಗುತ್ತದೆ. 2023ರ ಆಗಸ್ಟ್‌ನಲ್ಲಿ ದೇಶದ ಯುಪಿಐ ವಹಿವಾಟು ಮೊದಲ ಬಾರಿಗೆ ತಿಂಗಳಿಗೆ 1000 ಕೋಟಿ ದಾಟಿತು. ಇಷ್ಟೊಂದು ಜನ ನೆಚ್ಚಿಕೊಂಡ ಜಾಲದಲ್ಲಿ ಲ್ಯಾಬ್‌ನ ಒಂದು ಅವಸರದ 'ಪಾಸ್' ಎಷ್ಟು ದುಬಾರಿ ಎಂದು ಬೇರೆ ಹೇಳಬೇಕಿಲ್ಲ.

ಟೆಸ್ಟಿಂಗ್ ಕ್ಷೇತ್ರದಲ್ಲಿ ಕನ್ನಡಿಗರಿಗೂ ಅವಕಾಶಗಳಿವೆ. ಟೆಲಿಕಾಂ ಉಪಕರಣಗಳ ಭದ್ರತಾ ಮಾನದಂಡ ರೂಪಿಸುವ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರದ ಮುಖ್ಯ ಕಚೇರಿ ಇರುವುದು ಬೆಂಗಳೂರಿನಲ್ಲಿ. ಸಿ-ಡಾಟ್ ಸಂಸ್ಥೆ ದೆಹಲಿ ಮತ್ತು ಬೆಂಗಳೂರು ಎರಡೂ ಕಡೆ ಕೇಂದ್ರ ಹೊಂದಿದೆ.

ಕಲಿಯಲು ದುಬಾರಿ ಕಾರ್ಡ್ ಬೇಕಿಲ್ಲ. ಡಿಪಿಡಿಕೆ ಉಚಿತವಾಗಿ ಸಿಗುತ್ತದೆ. ಅದರಲ್ಲಿರುವ ಟೆಸ್ಟ್‌ಪಿಎಂಡಿ ಪ್ರೋಗ್ರಾಂ ಅನ್ನು ವರ್ಚುವಲ್ ಪೋರ್ಟ್‌ಗಳ ಮೇಲೆ ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲೂ ಓಡಿಸಬಹುದು. ಆರ್‌ಎಫ್‌ಸಿ ದಾಖಲೆಗಳೂ ಉಚಿತ. ಮೊದಲ ದಿನವೇ ಒಂದು ಅಭ್ಯಾಸ ಮಾಡಿಕೊಳ್ಳಿ. ಪ್ಯಾಕೆಟ್ ಕಾಣೆಯಾದಾಗ ಯಾರ ಮೇಲೂ ಬೆರಳು ತೋರಿಸುವ ಮೊದಲು ಒಂದು ಹಾಳೆ ತೆಗೆದುಕೊಂಡು ಕಳಿಸಿದ್ದೆಷ್ಟು, ಬಂದದ್ದೆಷ್ಟು, ಬಿದ್ದದ್ದೆಲ್ಲಿ ಎಂದು ಬರೆಯಿರಿ. ಲೆಕ್ಕ ತಾಳೆಯಾಗುವವರೆಗೆ ಟೆಸ್ಟ್ ಮುಗಿದಿಲ್ಲ.